ಹಳೇ ಟ್ರ್ಯಾಕ್ಟರ್ ಎಂಜಿನ್: ಬೋರ್ ಮಾಡಿಸೋದಾ, ಬೇರೆ ಕೂರಿಸೋದಾ?

ನಮ್ಮ ಮನೆಯ ಹಳೇ ಮ್ಯಾಸಿ 1035ಕ್ಕೆ ನಾನು ಎರಡು ಸಲ ಎಂಜಿನ್ ಕೆಲಸ ಮಾಡಿಸಿದ್ದೇನೆ. ಮೊದಲನೇ ಸಲದ್ದು ಶುದ್ಧ ದಂಡ. ಹೊಗೆ ಬರುತ್ತಿತ್ತು, ಆಯಿಲ್ ತಿನ್ನುತ್ತಿತ್ತು, ಕಬ್ಬಿನ ಲೋಡ್ ಹಾಕಿಕೊಂಡು ಏರು ಹತ್ತುವಾಗ ಸೋತು ನಿಲ್ಲುತ್ತಿತ್ತು. ಒಂದು ಗ್ಯಾರೇಜಿನಲ್ಲಿ "ರಿಂಗ್ ಹಾಕಿದ್ರೆ ಸಾಕು ಅಣ್ಣಾ, ಹೊಸ ಗಾಡಿ ಆಯ್ತದೆ" ಅಂದರು. ಪಿಸ್ಟನ್ನಿನ ಸುತ್ತ ಕೂರುವ ಆ ರಿಂಗ್ ಹಾಕಿಸಿದೆ. ಮುಂದಿನ ವರ್ಷ ಕಬ್ಬು ಕಡಿಯುವ ಹೊತ್ತಿಗೆ ಅದೇ ಹೊಗೆ, ಅದೇ ಆಯಿಲ್ ಖರ್ಚು. ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಲೈನರ್, ಎಷ್ಟು ಸವೆದಿದೆ ಅಂತ ಯಾರೂ ಅಳತೆ ಹಿಡಿದಿರಲಿಲ್ಲ. ನಾನೂ ಕೇಳಿರಲಿಲ್ಲ.

ಎರಡನೇ ಸಲ ಇನ್ನೊಬ್ಬರು "ಇದು ಗುಜರಿಗೆ ಹಾಕಿ, ಬೇರೆ ಎಂಜಿನ್ ಕೂರಿಸೋಣ" ಅಂದರು. ಅವರೂ ಅಳತೆ ಹಿಡಿದಿರಲಿಲ್ಲ! ಕಿವಿಯಲ್ಲಿ ಕೇಳಿ, ಕಣ್ಣಲ್ಲಿ ನೋಡಿ ಹೇಳಿದ್ದು ಅಷ್ಟೇ. ಆಗ ನನಗೆ ಹೊಳೆದಿದ್ದು ಇದು. ರಿಪೇರಿಯಾ ಬದಲಿಯಾ ಅನ್ನುವುದನ್ನು ಹೊಗೆಯ ಬಣ್ಣ ನೋಡಿ ತೀರ್ಮಾನ ಮಾಡಬಾರದು. ಎಂಜಿನ್ ಬಿಚ್ಚಿ, ತೊಳೆದು, ಮೈಕ್ರೋಮೀಟರ್ ಹಿಡಿದ ಮೇಲೆ ಬ್ಲಾಕು (ಎಂಜಿನ್ನಿನ ಬೀಡಿನ ಒಡಲು) ಮತ್ತು ಕ್ರಾಂಕು (ಪಿಸ್ಟನ್ನುಗಳು ತಿರುಗಿಸುವ ಶಾಫ್ಟು) ಏನು ಹೇಳುತ್ತವೋ ಅದೇ ತೀರ್ಪು. ಉಳಿದದ್ದೆಲ್ಲ ಅಂಗಡಿಯಲ್ಲಿ ಸಿಗುವ ಸಾಮಾನು.

ನಾನು ಇಲ್ಲಿ ಹೇಳುವುದು ಮುಖ್ಯವಾಗಿ ಮ್ಯಾಸಿಯ ಮೂರು ಸಿಲಿಂಡರ್ ಎಂಜಿನ್ ಬಗ್ಗೆ. ಪರ್ಕಿನ್ಸ್ ಮೂಲದ್ದು, ನಮ್ಮಲ್ಲಿ ಸಿಂಪ್ಸನ್ ಅಂತಲೇ ಕರೆಯುವುದು. ಇಲ್ಲಿ ಮ್ಯಾಸಿ ಗಾಡಿ ಮಾಡುವ ಟಾಫೆ ಕಂಪನಿ ಮದ್ರಾಸಿನಲ್ಲಿ ಶುರುವಾಗಿದ್ದು 1960ರಲ್ಲಿ, ಅಂದಿನಿಂದ ಈ ಸಾಲಿನ ಗಾಡಿಗಳು ನಮ್ಮ ಹೊಲಗಳಲ್ಲಿ ಓಡುತ್ತಲೇ ಇವೆ. ಹಳೇ ಮ್ಯಾಸಿ 35ರಲ್ಲಿದ್ದ ಎಂಜಿನ್ ಹೆಸರು 3.152. ಮೂರು ಸಿಲಿಂಡರ್, 152 ಕ್ಯೂಬಿಕ್ ಇಂಚು, ಅಂದರೆ ಸುಮಾರು ಎರಡೂವರೆ ಲೀಟರ್. ಹೆಸರಲ್ಲೇ ಅಳತೆ ಇದೆ, ಚೆನ್ನಾಗಿದೆ ಅಲ್ವಾ. ನಿಮ್ಮದು ಮಹೀಂದ್ರಾ ಬಿ-275 ಆಗಿರಲಿ, ಎಚ್‌ಎಂಟಿ ಆಗಿರಲಿ, ಯೋಚನೆ ಮಾಡುವ ಕ್ರಮ ಇದೇ. ಅಳತೆಗಳು ಮಾತ್ರ ಬೇರೆ. ಅದಕ್ಕೆ ಆಯಾ ಎಂಜಿನ್ನಿನ ಪುಸ್ತಕ ನೋಡಿ.

ಬಿಚ್ಚುವ ಮೊದಲು

ಎಂಜಿನ್ ಬಿಚ್ಚಿದರೆ ಖರ್ಚು ಶುರುವಾಯಿತು ಅಂತಲೇ ಲೆಕ್ಕ. ಗ್ಯಾಸ್ಕೆಟ್ ಸೆಟ್, ಆಯಿಲ್, ಕೂಲಿ, ಎಲ್ಲ ಮೀಟರ್ ಓಡಿದ ಹಾಗೆ ಓಡುತ್ತೆ. ಹಾಗಾಗಿ ಮೊದಲು ಹೊರಗಿನಿಂದ ಸಿಗುವುದನ್ನೆಲ್ಲ ನೋಡಿ ಮುಗಿಸಿ.

ನಮ್ಮ ಮಾವನ ಗಾಡಿ ಕಪ್ಪು ಹೊಗೆ ಕಕ್ಕುತ್ತಿತ್ತು, ಲೋಡ್ ಎತ್ತುತ್ತಿರಲಿಲ್ಲ. "ಬೋರಿಗೆ ಬಂದೈತೆ", ಅಂದರೆ ಸಿಲಿಂಡರ್ ಸವೆದು ಎಂಜಿನ್ ಕೆಲಸಕ್ಕೆ ಬಂದಿದೆ ಅಂತ ಊರಲ್ಲೆಲ್ಲ ತೀರ್ಮಾನವಾಗಿತ್ತು. ಏರ್ ಕ್ಲೀನರಿನ ಕೆಳಗಿನ ಬಟ್ಟಲು ಬಿಚ್ಚಿದೆವು. ಆಯಿಲ್ ಇರಬೇಕಾದ ಜಾಗದಲ್ಲಿ ಮಣ್ಣು, ಇಡ್ಲಿ ಹಿಟ್ಟಿನಷ್ಟು ಗಟ್ಟಿ. ಮೇಲಿನ ಜಾಲರಿಯಲ್ಲಿ ಭತ್ತದ ಹೊಟ್ಟು. ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಆಯಿಲ್ ಗುರುತಿನ ಮಟ್ಟಕ್ಕೆ ಹಾಕಿ, ಡೀಸೆಲ್ ಚಿಮ್ಮಿಸುವ ನಾಝಲ್ ಮೂರನ್ನೂ ಪಂಪ್ ಅಂಗಡಿಗೆ ಕೊಟ್ಟು ಚೆಕ್ ಮಾಡಿಸಿದೆವು, ಒಂದು ನಾಝಲ್ ಹನಿ ಹನಿ ಸೋರುತ್ತಿತ್ತು. ಹೊಗೆ ಹೋಯಿತು. ಆ ಎಂಜಿನ್ ಇನ್ನೂ ಬಿಚ್ಚಿಲ್ಲ.

ಕಪ್ಪು ಹೊಗೆ ಅಂದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ ಅಂತ ಅರ್ಥ. ಗಾಳಿ ಸಾಲದು, ಇಲ್ಲ ಡೀಸೆಲ್ ಜಾಸ್ತಿ, ಇಲ್ಲ ನಾಝಲ್ ಕೆಟ್ಟಿದೆ. ಎಂಜಿನ್ ಸವೆತಕ್ಕೂ ಇದಕ್ಕೂ ನೇರ ಸಂಬಂಧ ಕಡಿಮೆ. ಬೆಳಗ್ಗೆ ಸೆಲ್ಫ್ ಹೊಡೆದಾಗ ಬಿಳಿ ಹೊಗೆ ಬಂದು ಐದು ನಿಮಿಷಕ್ಕೆ ನಿಂತರೆ ಮೊದಲು ಬ್ಯಾಟರಿ, ನಾಝಲ್, ಟೈಮಿಂಗ್, ಟ್ಯಾಪೆಟ್ ನೋಡಿ. 3.152ರಲ್ಲಿ ಟ್ಯಾಪೆಟ್ ಗ್ಯಾಪು, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು, ತಣ್ಣಗಿದ್ದಾಗ 12 ಥೌ, ಬಿಸಿಯಲ್ಲಿ 10 ಥೌ. ಥೌ ಅಂದರೆ ಒಂದು ಇಂಚಿನ ಸಾವಿರದಲ್ಲಿ ಒಂದು ಪಾಲು. ಬೋರಿಂಗ್ ಶಾಪಿನಲ್ಲಿ ಎಲ್ಲ ಮಾತೂ ಈ ಥೌನಲ್ಲೇ ನಡೆಯುತ್ತೆ, ಅಭ್ಯಾಸ ಮಾಡಿಕೊಳ್ಳಿ.

ನೀಲಿ ಹೊಗೆ ಬೇರೆ ವಿಷಯ, ಅದು ಆಯಿಲ್ ಸುಡುತ್ತಿರುವುದು. ಅದರಲ್ಲೂ ಎರಡು ಥರ ಇದೆ. ಐದು ನಿಮಿಷ ನಿಧಾನಕ್ಕೆ ಓಡಲು ಬಿಟ್ಟು ಆಮೇಲೆ ರೇಸ್ ಕೊಟ್ಟಾಗ ಒಮ್ಮೆ ಬುಸ್ಸೆಂದು ನೀಲಿ ಹೊಗೆ ಬಂದು ನಿಂತರೆ ಅನುಮಾನ ವಾಲ್ವ್ ಜಾರುವ ಗೈಡಿನ ಮೇಲೆ. ಅದು ಎಂಜಿನ್ನಿನ ಮೇಲಿನ ಭಾಗವಾದ ಹೆಡ್ಡಿನ ಕೆಲಸ, ಹೆಚ್ಚೇನಲ್ಲ. ಲೋಡಿನಲ್ಲಿ ಬಿಡದೆ ಬರುತ್ತಿದ್ದರೆ ರಿಂಗು, ಲೈನರ್.

ಬ್ಯಾಕ್ ಕಂಪ್ರೆಶನ್ ನೋಡುವುದು ಎಲ್ಲರಿಗೂ ಗೊತ್ತು. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು, ಸಿಲಿಂಡರಿನ ಗಾಳಿ ರಿಂಗ್ ದಾಟಿ ಕೆಳಗೆ ಸೋರುತ್ತಿದೆಯಾ ಅಂತ ನೋಡುವುದು. ಸ್ವಲ್ಪ ಆವಿ ಎಲ್ಲ ಹಳೇ ಎಂಜಿನ್ನಿನಲ್ಲೂ ಇರುತ್ತೆ. ಬಾಯ್ಲರ್ ಥರ ಪುಸ್ ಪುಸ್ ಅಂತ ಹೊಡೆಯುತ್ತಿದ್ದರೆ ಮಾತ್ರ ಚಿಂತೆ. ಆದರೆ ಆ ಆವಿ ಹೊರಹೋಗುವ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೂ ಹೀಗೇ ಕಾಣುತ್ತೆ, ಅದನ್ನು ಮೊದಲು ತೆಗೆದು ಊದಿ ನೋಡಿ.

ಆಯಿಲ್ ಪ್ರೆಶರ್ ಮೀಟರ್ ಕೆಲಸ ಮಾಡುತ್ತಿಲ್ಲ ಅಂತ ಬಿಟ್ಟಿರುವವರೇ ಜಾಸ್ತಿ. ಒಂದು ಗೇಜ್ ಎರವಲು ತಂದು ಕೂರಿಸಿ. ಗಾಡಿಯನ್ನು ಒಂದು ಗಂಟೆ ಕೆಲಸ ಮಾಡಿಸಿ, ಬಿಸಿಯಲ್ಲೇ ಪೂರ್ತಿ ರೇಸಿನಲ್ಲಿ ಓದಿ. ಈ ಪರ್ಕಿನ್ಸಿನಲ್ಲಿ 30ರಿಂದ 60 ಪಿಎಸ್‌ಐ ನಡುವೆ ಇರಬೇಕು. ಕಡಿಮೆ ಬಂದರೆ ತಕ್ಷಣ "ಬೇರಿಂಗ್ ಹೋಯ್ತು" ಅನ್ನಬೇಡಿ, ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಡೀಸೆಲ್ ವಾಸನೆ ಬರುತ್ತಿದೆಯಾ? ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದೆಯಾ? ಹಾಗಿದ್ದರೆ ಮೊದಲ ಅನುಮಾನ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಡಯಾಫ್ರಮ್ ಮೇಲೆ. ಅದು ಹರಿದರೆ ಡೀಸೆಲ್ ನೇರ ಎಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ ಇಳಿದು ಆಯಿಲ್ ನೀರಾಗುತ್ತೆ, ಪ್ರೆಶರ್ ಬೀಳುತ್ತೆ. ಒಂದು ಸಣ್ಣ ರಬ್ಬರ್ ತುಂಡಿಗೋಸ್ಕರ ಫುಲ್ ಎಂಜಿನ್ ಕೆಲಸ ಮಾಡಿಸಿದವರನ್ನು ನಾನು ನೋಡಿದ್ದೇನೆ. ಆದರೆ ಆ ತೆಳ್ಳಗಿನ ಆಯಿಲ್‌ನಲ್ಲೇ ತಿಂಗಳುಗಟ್ಟಲೆ ಓಡಿಸಿದ್ದರೆ ಬೇರಿಂಗೂ ಹೋಗಿರುತ್ತೆ, ಅದು ಬೇರೆ ಮಾತು.

ಇನ್ನೊಂದು ಪರೀಕ್ಷೆ, ಒಂದು ಪೈಸೆ ಖರ್ಚಿಲ್ಲದ್ದು. ಎಂಜಿನ್ ಆಫ್ ಮಾಡಿ, ಒಬ್ಬರು ಕ್ಲಚ್ ತುಳಿದು ಬಿಡುತ್ತಿರಲಿ, ನೀವು ಮುಂದೆ ಕೂತು ಕ್ರಾಂಕ್ ಪುಲ್ಲಿ ನೋಡಿ. ತುಳಿದಾಗಲೆಲ್ಲ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಹಿಂದೆ ಆಡುತ್ತಿದ್ದರೆ, ಕ್ರಾಂಕ್ ಹಾಗೆ ಜಾರದಂತೆ ಹಿಡಿಯುವ ಥ್ರಸ್ಟ್ ವಾಷರ್ ಸವೆದಿದೆ. ಇದನ್ನು ಹಾಗೇ ಬಿಟ್ಟರೆ ಕ್ರಾಂಕಿನ ಪಕ್ಕೆ, ಆಮೇಲೆ ಬ್ಲಾಕಿನ ಪಕ್ಕೆ ತಿಂದು ಹಾಕುತ್ತೆ. ವಾಷರಿನ ಬೆಲೆಯಲ್ಲಿ ಮುಗಿಯುವುದು ಬ್ಲಾಕಿನ ಬೆಲೆಗೆ ಹೋಗುವುದು ಹೀಗೇ.

ಯಾವ ಸಿಲಿಂಡರ್ ಸೋಮಾರಿ ಅಂತ ನೋಡಲು ಎಂಜಿನ್ ನಿಧಾನಕ್ಕೆ ಓಡುವಾಗ ನಾಝಲ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸುವ ಪದ್ಧತಿ ಇದೆ. ಸಡಿಲಿಸಿದಾಗ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕೈ ಮಾತ್ರ ದೂರ ಇರಲಿ. ಆ ಪ್ರೆಶರಿನಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಬಟ್ಟೆ ಸುತ್ತಿಕೊಂಡೇ ಮಾಡಿ, ಕನ್ನಡಕ ಹಾಕಿ. ಡೀಸೆಲ್ ಕಂಪ್ರೆಶನ್ ಗೇಜ್ ಇರುವವರು ಸಿಕ್ಕರೆ ಇನ್ನೂ ಒಳ್ಳೆಯದು. ಮೂರು ಸಿಲಿಂಡರಿನ ನಡುವೆ 50 ಪಿಎಸ್‌ಐಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂದೇ ಸಿಲಿಂಡರ್ ಬಿದ್ದಿದ್ದರೆ ವಾಲ್ವ್, ಗ್ಯಾಸ್ಕೆಟ್, ಮುರಿದ ರಿಂಗ್ ಹೀಗೆ ಒಂದು ಕಡೆಯ ತೊಂದರೆ ಇರಬಹುದು. ಮೂರೂ ಒಂದೇ ಸಮ ಬಿದ್ದಿದ್ದರೆ ವಯಸ್ಸಾಗಿದೆ ಅಂತ.

ಇಷ್ಟಾದ ಮೇಲೂ ಎಂಜಿನ್ ಒಳಗೇ ತೊಂದರೆ ಅಂತ ಅನಿಸಿದರೆ ಬಿಚ್ಚಿ.

ಬಿಚ್ಚುವ ದಿನ ನೀವು ಅಲ್ಲೇ ಇರಿ

ಕೆಲಸ ಬಿಟ್ಟಾದರೂ ಹೋಗಿ ನಿಲ್ಲಿ. ಮೆಕ್ಯಾನಿಕ್ ಕಳ್ಳ ಅಂತ ಅಲ್ಲ, ನೋಡಿದ್ದನ್ನು ಆಮೇಲೆ ಯಾರೂ ನೆನಪಿಟ್ಟು ಹೇಳುವುದಿಲ್ಲ ಅಂತ.

ಮ್ಯಾಸಿ ಎಂಜಿನ್ ಇಳಿಸುವುದು ಅಂದರೆ ಗಾಡಿಯನ್ನು ಎರಡು ಹೋಳು ಮಾಡಿದ ಹಾಗೆ. ಇದಕ್ಕೆ ಲಾರಿ ಥರ ಚಾಸಿಸ್ ಇಲ್ಲ, ಎಂಜಿನ್ನೇ ಗಾಡಿಯ ಬೆನ್ನುಮೂಳೆ. ಮುಂದಿನ ಆಕ್ಸಲ್ ಎಂಜಿನ್ನಿಗೆ ಬಿಗಿದಿರುತ್ತೆ, ಹಿಂದೆ ಗೇರ್‌ಬಾಕ್ಸ್. ಬಿಚ್ಚುವ ಮೊದಲು ಮುಂದಿನ ಆಕ್ಸಲ್ಲಿಗೂ ಅದರ ಬ್ರಾಕೆಟ್ಟಿಗೂ ನಡುವೆ ಎರಡೂ ಕಡೆ ಮರದ ಬೆಣೆ ಹೊಡೆಯಿರಿ. ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗುತ್ತೆ ನೋಡಿ, ಬೆಣೆ ಇಲ್ಲದಿದ್ದರೆ ಎಂಜಿನ್ ಪಕ್ಕಕ್ಕೆ ವಾಲಿ ಯಾರದ್ದಾದರೂ ಕಾಲು ಹೋಗುತ್ತೆ. ಬರೀ ಜಾಕ್ ನಂಬಬೇಡಿ, ದಪ್ಪ ಮರದ ದಿಮ್ಮಿ ಕೊಡಿ.

ಕ್ರಾಂಕ್ ಕೂರುವ ಅರ್ಧ ಬಳೆಯಂಥ ಬೇರಿಂಗ್ ತೆಗೆದ ತಕ್ಷಣ ಅದರ ಬೆನ್ನು ನೋಡಿ, ಫೋಟೋ ಹೊಡೆಯಿರಿ. ಅಲ್ಲಿ ಅಚ್ಚು ಇರುತ್ತೆ. ಎಸ್‌ಟಿಡಿ (ಸ್ಟ್ಯಾಂಡರ್ಡ್) ಅಂತಿದ್ದರೆ ಕ್ರಾಂಕ್ ಇನ್ನೂ ಗ್ರೈಂಡಿಂಗ್ ಕಂಡಿಲ್ಲ, ನಿಮ್ಮ ಅದೃಷ್ಟ. 010 ಅಂತಿದ್ದರೆ ಒಂದು ಸಲ ಹತ್ತು ಥೌ ಇಳಿಸಿದ್ದಾರೆ. 020, 030 ಹೀಗೆ. ಈ ಎಂಜಿನ್ನಿಗೆ 30 ಥೌ ಅಂದರೆ ಕೊನೆಯ ಮೆಟ್ಟಿಲು. ಅಪ್ಪನ ಕಾಲದಲ್ಲಿ ಯಾರು ಏನು ಮಾಡಿಸಿದ್ದರು ಅಂತ ಯಾರಿಗೂ ನೆನಪಿರಲಿಲ್ಲ, ಆದರೆ ಬೇರಿಂಗಿನ ಬೆನ್ನು ನೆನಪಿಟ್ಟುಕೊಂಡಿತ್ತು. ನಮ್ಮದರಲ್ಲಿ 010 ಇತ್ತು. ಅಂದರೆ ಇನ್ನೂ ಎರಡು ಸಲ ಬಾಕಿ.

ಲೈನರಿನ ಮೇಲ್ತುದಿಗೆ ಉಗುರು ಹಾಕಿ ಎಳೆಯಿರಿ. ರಿಂಗ್ ತಲುಪದ ಜಾಗ ಸವೆದಿರುವುದಿಲ್ಲ, ಕೆಳಗೆ ಸವೆದಿರುತ್ತೆ. ಆ ಮೆಟ್ಟಿಲು ಉಗುರಿಗೆ ಚೆನ್ನಾಗಿ ಸಿಕ್ಕಿದರೆ ರಿಂಗ್ ಮಾತ್ರ ಹಾಕುವ ಮಾತು ಬಿಡಿ. ಬೋರ್ ಗೇಜ್ ಹಿಡಿಸಿ, ಮೇಲೆ, ನಡುವೆ, ಕೆಳಗೆ ಮೂರು ಕಡೆ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ. ಸವೆತ ಆರು ಥೌ ದಾಟಿದ್ದರೆ ನಾನಂತೂ ಲೈನರ್ ಬದಲಿಸುತ್ತೇನೆ. ನನ್ನ ಮೊದಲ ದಂಡ ಇದೇ ಜಾಗದಲ್ಲಿ ಆಗಿದ್ದು. ಮೊಟ್ಟೆ ಆಕಾರದ ಲೈನರಿಗೆ ಗುಂಡನೆ ರಿಂಗ್ ಹಾಕಿದರೆ ಅದು ಎಲ್ಲಿ ಮುಚ್ಚುತ್ತೆ ಹೇಳಿ.

ಹೆಡ್ಡಿನ ಬಿರುಕು ನೋಡುವುದಕ್ಕೆ ಹಳೇ ಉಪಾಯ ಒಂದಿದೆ, ಈಗಲೂ ಕೆಲಸ ಮಾಡುತ್ತೆ. ಹೆಡ್ಡನ್ನು ಚೆನ್ನಾಗಿ ಉಜ್ಜಿ ಕಾರ್ಬನ್ ತೆಗೆದು ಒಣಗಿಸಿ. ವಾಲ್ವುಗಳ ನಡುವಿನ ಸಣ್ಣ ಸೇತುವೆಯಂಥ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಸ್ಲೇಟಿಗೆ ಬರೆಯುವ ಬಿಳಿ ಸೀಮೆಸುಣ್ಣವನ್ನು ಅಲ್ಲಿ ಚೆನ್ನಾಗಿ ತಿಕ್ಕಿ, ಬಿಳಿ ಪೌಡರ್ ಬಳಿದ ಹಾಗೆ. ಕಾಯಿರಿ. ಬಿರುಕಿದ್ದರೆ ಒಳಗೆ ಇಳಿದ ಸೀಮೆಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಕೂದಲಿನಂಥ ಕಪ್ಪು ಗೆರೆ ಮೂಡುತ್ತೆ. ನಮ್ಮ ಹೆಡ್ಡಿನಲ್ಲಿ ಎರಡನೇ ಸಿಲಿಂಡರಿನ ಹತ್ತಿರ ಹತ್ತು ನಿಮಿಷಕ್ಕೆ ಗೆರೆ ಬಂತು. ನೋಡುತ್ತಾ ನಿಂತಿದ್ದ ಅಪ್ಪ ಏನೂ ಮಾತಾಡದೆ ಹೋಗಿ ಟೀ ತಂದರು.

ದೊಡ್ಡ ಶಾಪಿನಲ್ಲಿ ಹೆಡ್ಡಿಗೂ ಬ್ಲಾಕಿಗೂ ನೀರಿನ ದಾರಿ ಮುಚ್ಚಿ ಪ್ರೆಶರ್ ಹಾಕಿ ನೋಡುತ್ತಾರೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಆ ಪ್ರೆಶರ್ ಟೆಸ್ಟ್ ಮಾಡಿಸದೆ ಮುಂದಕ್ಕೆ ಹೋಗಬೇಡಿ.

ಈಗ ತೀರ್ಮಾನ

ಸಿಕ್ಕಿದ ಸಾಮಾನನ್ನು ಮನಸ್ಸಿನಲ್ಲಿ ಮೂರು ಗುಡ್ಡೆ ಮಾಡಿ.

ಪಿಸ್ಟನ್, ರಿಂಗು, ಲೈನರ್, ಬೇರಿಂಗು, ವಾಲ್ವು, ಗೈಡು, ಗ್ಯಾಸ್ಕೆಟ್ಟು, ಆಯಿಲ್ ಪಂಪು ಮೊದಲನೇ ಗುಡ್ಡೆ. ಇವು ಹೋಗುವುದಕ್ಕೆಂದೇ ಇರುವುದು. ಇವೆಲ್ಲ ಒಟ್ಟಿಗೆ ಹೋಗಿದ್ದರೂ ಎಂಜಿನ್ ಸತ್ತಿಲ್ಲ. ಬಿಲ್ಲಿನ ಉದ್ದ ನೋಡಿ ಗಾಬರಿಯಾಗಬೇಡಿ.

ಕ್ರಾಂಕು, ಹೆಡ್ಡು, ಕ್ಯಾಮ್ ಶಾಫ್ಟು, ಕನೆಕ್ಟಿಂಗ್ ರಾಡು, ಡೀಸೆಲ್ ಪಂಪು ಎರಡನೇ ಗುಡ್ಡೆ. ದುಬಾರಿ, ಆದರೆ ಬಿಡಿಯಾಗಿ ಸಿಗುತ್ತೆ. ಇದರಲ್ಲಿ ಒಂದು ಹೋಗಿದ್ದರೆ ರಿಪೇರಿಯೇ ಸರಿ. ಎರಡು ಹೋಗಿದ್ದರೆ ಕಾಗದ ಪೆನ್ನು ತಗೊಳ್ಳಿ. ಮೂರು ಹೋಗಿದ್ದರೆ ಬೇರೆ ಎಂಜಿನ್ ಹುಡುಕಲು ಶುರು ಮಾಡಿ. ಕ್ರಾಂಕ್ ಆಗಲೇ 30 ಥೌನಲ್ಲಿದ್ದು ಮತ್ತೆ ಗೀರು ಬಿದ್ದಿದ್ದರೆ ಅದು ಮುಗಿದಂತೆ. ವೆಲ್ಡ್ ತುಂಬಿಸಿ ಮತ್ತೆ ಗ್ರೈಂಡ್ ಮಾಡಿಕೊಡುತ್ತೇವೆ ಅನ್ನುವವರಿದ್ದಾರೆ. ನೀರೆತ್ತುವ ಎಂಜಿನ್ನಿಗೆ ಬೇಕಾದರೆ ನೋಡಬಹುದು, ರೋಟವೇಟರ್ ಎಳೆಯುವ ಗಾಡಿಗೆ ನಾನು ಒಪ್ಪುವುದಿಲ್ಲ.

ಮೂರನೇ ಗುಡ್ಡೆಯಲ್ಲಿ ಬ್ಲಾಕ್ ಒಂದೇ. ತೀರ್ಪು ಇದರದ್ದು. ಹೊರಗಿನ ನೀರಿನ ಗೋಡೆಯಲ್ಲಿ ಬಿರುಕಿದ್ದರೆ ಭಯ ಬೇಡ, ಬೀಡು ಕಬ್ಬಿಣಕ್ಕೆ ಬೆಂಕಿ ಇಲ್ಲದೆ ಪಿನ್ ಹೊಡೆದು ಹೊಲಿಯುವವರು ಇದ್ದಾರೆ, ಚೆನ್ನಾಗಿ ನಿಲ್ಲುತ್ತೆ. ಬೀದಿ ಬದಿಯ ಮಾಮೂಲಿ ವೆಲ್ಡಿಂಗ್ ಮಾತ್ರ ಬೇಡ, ಬೀಡು ಕಬ್ಬಿಣ ಪಕ್ಕದಲ್ಲೇ ಮತ್ತೆ ಸೀಳುತ್ತೆ. ಆದರೆ ಬಿರುಕು ಮೇನ್ ಬೇರಿಂಗ್ ಕೂರುವ ಗೋಡೆಗೆ ಹೋಗಿದ್ದರೆ, ಅಥವಾ ಬೇರಿಂಗ್ ತಿರುಗಿ ಬ್ಲಾಕಿನ ಗೂಡನ್ನೇ ತಿಂದಿದ್ದರೆ, ಅಥವಾ ರಾಡ್ ಮುರಿದು ಪಕ್ಕೆ ಒಡೆದು ಹೊರಗೆ ಬಂದಿದ್ದರೆ, ಅಲ್ಲಿಗೆ ನಿಲ್ಲಿಸಿ. ಆ ಬ್ಲಾಕಿಗೆ ಹಾಕುವ ದುಡ್ಡು ವಾಪಸ್ ಬರುವುದಿಲ್ಲ.

ಒಂದು ವ್ಯತ್ಯಾಸ ಗಮನದಲ್ಲಿರಲಿ. ಮ್ಯಾಸಿ ಪರ್ಕಿನ್ಸಿನದ್ದು ಡ್ರೈ ಲೈನರ್, ಬ್ಲಾಕಿನ ಒಳಗೆ ಒತ್ತಿ ಕೂರಿಸಿರುತ್ತಾರೆ, ಪ್ರೆಸ್ ಬೇಕು, ಬೋರಿಂಗ್ ಶಾಪ್ ಬೇಕು. ಹಳೇ ಎಚ್‌ಎಂಟಿ 2511ರದ್ದು ಝೆಟರ್ ಮೂಲದ ಎರಡು ಸಿಲಿಂಡರ್, ಸುತ್ತ ನೀರು ನೇರವಾಗಿ ಮುಟ್ಟುವ ವೆಟ್ ಲೈನರ್. ಎಳೆದು ಬೇರೆ ಇಳಿಸಿದರೆ ಆಯಿತು, ರಬ್ಬರ್ ರಿಂಗ್ ಸರಿಯಾಗಿ ಕೂತರೆ ಸಾಕು. ಹಾಗಾಗಿ ಅದರ ಎಂಜಿನ್ ಕೆಲಸ ಸುಲಭ. ಆದರೆ ನಮ್ಮ ಬೆಂಗಳೂರಿನ ಎಚ್‌ಎಂಟಿಯವರು 1971ರಲ್ಲಿ ಪಿಂಜೋರಿನಲ್ಲಿ ಶುರು ಮಾಡಿದ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವೇ ಒಪ್ಪಿಗೆ ಕೊಟ್ಟಿತು. ಕಂಪನಿ ಸಾಮಾನು ಅಂತ ಈಗ ಕೇಳುವ ಹಾಗಿಲ್ಲ. ಕಿಟ್ಟು ಹೊರಗಿನವರದ್ದು ಸಿಗಬಹುದು, ಆದರೆ ಹೆಡ್ಡು, ಕ್ರಾಂಕು ಸಿಕ್ಕಿದ ಮೇಲೇ ರಿಪೇರಿಗೆ ಕೈ ಹಾಕಿ. ಬಿಚ್ಚಿಟ್ಟು ಸಾಮಾನು ಹುಡುಕಲು ಹೋದರೆ ಗಾಡಿ ಕೊಟ್ಟಿಗೆಯಲ್ಲಿ ಕೋಳಿ ಕೂರುವ ಜಾಗ ಆಗುತ್ತೆ.

ದುಡ್ಡಿನ ಲೆಕ್ಕ

ಬೆಲೆ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ, ಅದಕ್ಕೆ ರೇಟ್ ಹೇಳುವುದಿಲ್ಲ. ಲೆಕ್ಕ ಹಾಕುವ ದಾರಿ ಹೇಳುತ್ತೇನೆ.

ಅಳತೆ ಎಲ್ಲ ಕೈಗೆ ಬಂದ ಮೇಲೆ ರಿಪೇರಿ ಅಂದಾಜು ಬರೆಸಿ. ಸಾಮಾನು ಬೇರೆ, ಲೇತು ಮತ್ತು ಬೋರಿಂಗ್ ಬೇರೆ, ಕೂಲಿ ಬೇರೆ. ಅದರ ಮೇಲೆ ಕಾಲು ಭಾಗ ಸೇರಿಸಿ, ಏನಾದರೂ ಒಂದು ಬಂದೇ ಬರುತ್ತೆ. ಗಾಡಿ ಎರಡು ಹೋಳಾಗಿರುವಾಗ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರಾಂಕಿನ ಹಿಂದಿನ ಸೀಲ್ ಮೂರನ್ನೂ ನೋಡಿಬಿಡಿ. ಹಳೇ ಪರ್ಕಿನ್ಸಿನಲ್ಲಿ ಹಿಂದಿನದ್ದು ಹಗ್ಗದ ಸೀಲ್. ಅದನ್ನು ಕೂರಿಸುವುದು ಕೈಚಳಕದ ಕೆಲಸ, ಅವಸರದಲ್ಲಿ ಹಾಕಿದರೆ ಹೊಸ ಎಂಜಿನ್ನಿನ ಆಯಿಲ್ ಹೊಸ ಕ್ಲಚ್ಚಿನ ಮೇಲೆ.

ಬದಲಿ ಎಂಜಿನ್ನಿನ ಲೆಕ್ಕದಲ್ಲೂ ಹೀಗೇ ಎಲ್ಲ ಸೇರಿಸಿ. ಎಂಜಿನ್ ಬೆಲೆ, ತರುವ ಬಾಡಿಗೆ, ಕೂರಿಸುವ ಕೂಲಿ. ಬರೀ ಎಂಜಿನ್ ಕೊಡುತ್ತಾರಾ, ಡೀಸೆಲ್ ಪಂಪು, ಡೈನಮೋ, ಸೆಲ್ಫು, ಮ್ಯಾನಿಫೋಲ್ಡು ಸೇರಿದೆಯಾ ಅಂತ ಮೊದಲೇ ಕೇಳಿ. ಆಮೇಲೆ ಎರಡು ಮೊತ್ತ ಪಕ್ಕ ಪಕ್ಕ ಇಡಿ. ಸುಮ್ನೆ ಉದಾಹರಣೆಗೆ ಹೇಳುವುದಾದರೆ, ಬದಲಿ ಕೂರಿಸಿ ಮುಗಿಸಲು 100 ರೂಪಾಯಿ ಅಂತಿಟ್ಟುಕೊಳ್ಳಿ. ರಿಪೇರಿ 60ರ ಒಳಗೆ ಮುಗಿಯುತ್ತಿದ್ದರೆ ಯೋಚನೆಯೇ ಬೇಡ, ರಿಪೇರಿ. 80 ದಾಟುತ್ತಿದ್ದರೆ, ಮತ್ತು ಸಿಗುವ ಬದಲಿ ಎಂಜಿನ್ ನಿಜವಾಗಿಯೂ ಒಳ್ಳೆಯದಾಗಿದ್ದರೆ, ಬದಲಿ. ನಡುವಿನದ್ದು ತಲೆನೋವಿನ ಜಾಗ. ಅಲ್ಲಿ ನಾನು ರಿಪೇರಿ ಕಡೆಗೇ ವಾಲುತ್ತೇನೆ, ಯಾಕೆಂದರೆ ನನ್ನ ಬ್ಲಾಕಿನ ಚರಿತ್ರೆ ನನಗೆ ಗೊತ್ತು, ಗುಜರಿಯಿಂದ ಬಂದದ್ದರ ಚರಿತ್ರೆ ಗೊತ್ತಿಲ್ಲ.

ಬದಲಿ ಎಂಜಿನ್ ತರುವುದಾದರೆ

ಬೆಂಗಳೂರಿನ ಶಿವಾಜಿನಗರದ ಗುಜರಿ ಇರಲಿ, ನಿಮ್ಮ ತಾಲ್ಲೂಕಿನಲ್ಲಿ ಗಾಡಿ ಒಡೆಯುವವರ ಅಂಗಳ ಇರಲಿ, ತೊಳೆದು ಬಣ್ಣ ಹೊಡೆದ ಎಂಜಿನ್ನಿಗಿಂತ ಆಯಿಲ್ ಮೆತ್ತಿಕೊಂಡಿರುವ ಎಂಜಿನ್ ಮೇಲೆ ನನಗೆ ನಂಬಿಕೆ ಜಾಸ್ತಿ. ಎಲ್ಲಿ ಸೋರುತ್ತೆ ಅಂತಾದರೂ ಕಾಣುತ್ತೆ. ಗಾಡಿಯಲ್ಲಿ ಇರುವಾಗಲೇ ಓಡಿಸಿ ಕೇಳಲು ಸಿಕ್ಕರೆ ಬಹಳ ಒಳ್ಳೆಯದು. ಸಿಗದಿದ್ದರೆ ಕೆಳಗಿನ ಚೇಂಬರ್ ಬಿಚ್ಚಿಸಿ, ಒಂದು ಮೇನ್, ಒಂದು ರಾಡ್ ಬೇರಿಂಗ್ ತೆಗೆಸಿ ಬೆನ್ನಿನ ನಂಬರ್ ನೋಡಿ. ಒಪ್ಪದಿದ್ದರೆ ಬಂದ ದಾರಿಯಲ್ಲೇ ವಾಪಸ್. ನಿಮ್ಮ ಎಂಜಿನ್ನಿನಲ್ಲಿ ಅಳೆಯಬೇಕಾದದ್ದೆಲ್ಲ ಇದರಲ್ಲೂ ಅಳೆಯಬೇಕು, ಇಲ್ಲದಿದ್ದರೆ ನಿಮ್ಮ ಕಾಯಿಲೆ ಕೊಟ್ಟು ಇನ್ನೊಬ್ಬರ ಕಾಯಿಲೆ ತಂದ ಹಾಗೆ.

ಮೂರು ಸಿಲಿಂಡರ್ ಎಲ್ಲ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಂಜಿನ್ನೇ ಬೆನ್ನುಮೂಳೆ ಅಂದೆನಲ್ಲ, ಜನರೇಟರಿನದ್ದೋ ಬೇರೆ ಮಿಷನ್ನಿನದ್ದೋ ಒಳಗೆ ಒಂದೇ ಥರ ಇದ್ದರೂ ಕೆಳಗಿನ ಚೇಂಬರ್ ತಗಡಿನದ್ದಾಗಿರಬಹುದು. ಮ್ಯಾಸಿಯದ್ದು ಭಾರ ಹೊರುವ ಬೀಡಿನ ಚೇಂಬರ್. ಮುಂದಿನ ಬ್ರಾಕೆಟ್ ಬೋಲ್ಟು, ಹಿಂದಿನ ಪ್ಲೇಟು, ಫ್ಲೈವೀಲು, ಎಲ್ಲ ಟೇಪ್ ಹಿಡಿದು ಹೋಲಿಸಿ.

ಕಾಗದದ ಕೆಲಸ ಮರೆಯಬೇಡಿ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತೆ. ಬದಲಿ ಕೂರಿಸಿದರೆ ಅದು ತಾಳೆಯಾಗುವುದಿಲ್ಲ. ಕೂರಿಸುವ ಮೊದಲೇ ಆರ್‌ಟಿಒ ಆಫೀಸಿನಲ್ಲಿ ವಿಚಾರಿಸಿ ಒಪ್ಪಿಗೆ ತಗೊಳ್ಳಿ, ಎಂಜಿನ್ ಕೊಂಡ ಬಿಲ್ಲು ಜೋಪಾನವಾಗಿಡಿ. ಬಿಲ್ಲು ಕೊಡದವರ ಹತ್ತಿರ, ನಂಬರ್ ಉಜ್ಜಿರುವ ಬ್ಲಾಕು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ನಾಳೆ ಟ್ರೇಲರ್ ಸಮೇತ ಎಲ್ಲೋ ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದರಲ್ಲಿ ಇದೂ ಒಂದು.

ದುಡಿಯುವ ಗಾಡಿಯಲ್ಲ, ತಾತನ ಕಾಲದ ಮ್ಯಾಸಿ 35, ಆಯುಧಪೂಜೆಗೆ ಬಾಳೆಕಂದು ಕಟ್ಟಿ ಊರು ಸುತ್ತಿಸಲು ಅಂತ ಇಟ್ಟುಕೊಂಡಿದ್ದೀರಿ ಅಂದರೆ ಮೇಲಿನ ದುಡ್ಡಿನ ಲೆಕ್ಕವನ್ನೆಲ್ಲ ಮರೆಯಿರಿ. ಅಲ್ಲಿ ಹಳೇ ನಂಬರಿನ ಬ್ಲಾಕಿಗೇ ಬೆಲೆ. ಹೊಲಿಸಿಯಾದರೂ ಅದನ್ನೇ ಉಳಿಸಿಕೊಳ್ಳಿ, ಅವಸರವೂ ಇಲ್ಲವಲ್ಲ. ಬೇರೆ ಎಂಜಿನ್ ಕೂರಿಸಲೇಬೇಕಾಗಿ ಬಂದರೂ ಹಳೇದನ್ನು ತೂಕಕ್ಕೆ ಹಾಕಬೇಡಿ, ಗ್ರೀಸ್ ಬಳಿದು ಗೋಣಿ ಸುತ್ತಿ ಅಟ್ಟದ ಕೆಳಗೆ ಇಡಿ.

ನಮ್ಮದರ ಕಥೆ ಏನಾಯಿತು ಅಂದರೆ, ಬ್ಲಾಕು ಚೆನ್ನಾಗಿತ್ತು, ಕ್ರಾಂಕ್ 20 ಥೌಗೆ ಇಳಿಯಿತು, ಲೈನರ್ ಪಿಸ್ಟನ್ ಕಿಟ್ ಮೂರೂ ಹೊಸದು, ಹೆಡ್ ಮಾತ್ರ ಬೇರೆ ತಂದೆವು. ಎರಡನೇ ಗುಡ್ಡೆಯಲ್ಲಿ ಹೋಗಿದ್ದು ಒಂದೇ, ಹಾಗಾಗಿ ರಿಪೇರಿ. ಬೋರಿಂಗ್ ಶಾಪಿನಲ್ಲಿ ಸರದಿ ಸಿಗಲು ಹನ್ನೆರಡು ದಿನ ಕಾದೆವು, ಭತ್ತದ ನಾಟಿ ಸಮಯ ಬೇರೆ, ಬಾಡಿಗೆ ಗಾಡಿಯಲ್ಲಿ ಗದ್ದೆ ಕೆಸರು ಮಾಡಿಸಿದ ಖರ್ಚನ್ನೂ ಆ ಲೆಕ್ಕದಲ್ಲೇ ಬರೆದೆ. ಈ ಕೆಲಸ ಬೇಸಿಗೆಯಲ್ಲಿ, ಗಾಡಿ ಖಾಲಿ ನಿಂತಿರುವಾಗ ಇಟ್ಟುಕೊಳ್ಳಿ.

ಹಳೇ ಸಾಮಾನೆಲ್ಲ ಒಂದು ಚೀಲದಲ್ಲಿ ವಾಪಸ್ ಕೇಳಿ ತಗೊಳ್ಳಿ. ಬೋರ್ ಅಳತೆ, ಕ್ರಾಂಕ್ ಅಳತೆ ಒಂದು ಚೀಟಿಯಲ್ಲಿ ಬರೆಸಿ ಆರ್‌ಸಿ ಜೊತೆ ಇಡಿ. ಎಂಜಿನ್ ಕೂತ ಮೇಲೆ ಮೊದಲ 50 ಗಂಟೆ ಹಗುರದ ಕೆಲಸ ಮಾತ್ರ, ಹಾಗಂತ ಸುಮ್ನೆ ನಿಲ್ಲಿಸಿ ನಿಧಾನಕ್ಕೆ ಓಡಿಸುತ್ತಾ ಕೂರಬೇಡಿ, ರಿಂಗ್ ಕೂರುವುದಿಲ್ಲ. ಖಾಲಿ ಟ್ರೇಲರ್, ಹಗುರಾಗಿ ಕಲ್ಟಿವೇಟರ್ ಸಾಕು. ಒಮ್ಮೆ ಚೆನ್ನಾಗಿ ಬಿಸಿಯಾದ ಮೇಲೆ ಹೆಡ್ ನಟ್ಟುಗಳನ್ನು ಟಾರ್ಕ್ ಪಾನಾದಲ್ಲಿ ಪುಸ್ತಕದ ಅಳತೆಗೆ ಮತ್ತೆ ನೋಡಿಸಿ, ಹೆಡ್ ಬಿಗಿದ ಮೇಲೆ ಟ್ಯಾಪೆಟ್ ಇನ್ನೊಮ್ಮೆ ಇಡಿಸಿ. 50 ಗಂಟೆಗೆ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ. ಇಳಿಸಿದ ಆಯಿಲ್ ಒಂದು ಅಗಲವಾದ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿ ನೋಡಿ, ತಳದಲ್ಲಿ ಸಣ್ಣ ಮಿಂಚು ಇದ್ದರೆ ಮಾಮೂಲಿ, ಉಗುರಿಗೆ ಸಿಗುವ ಚೂರು ಇದ್ದರೆ ಆವತ್ತೇ ಗ್ಯಾರೇಜಿಗೆ ಫೋನ್ ಮಾಡಿ.